ಹುಳಗಳಿಗೆ ಏನೂ ಆಗಿರಲಿಲ್ಲ

ಶನಿವಾರ ಬಂತೆಂದರೆ ನಾನು ಮುಖಕ್ಕೆ ಪೌಡರ್ ಹಾಕುತ್ತಿರಲಿಲ್ಲ. ತಲೆಗೆ ಬರೀ ಕೊಬ್ಬರಿ ಎಣ್ಣೆ, ಅದೂ ಒಂದು ತೊಟ್ಟು. ಅಪ್ಪಿತಪ್ಪಿ ಮಲ್ಲಿಗೆ ಮುಡಿದು ಹೋದರೆ ಅಕ್ಕ ಹೊಸಿಲಲ್ಲೇ ನಿಲ್ಲಿಸಿ ತೆಗೆಸುತ್ತಿದ್ದಳು. ಹುತ್ತೂರಿನ ಕಡೆ ರೇಷ್ಮೆ ಹುಳ ಸಾಕುವ ಮನೆಗಳಲ್ಲೆಲ್ಲ ಇದೇ ಕಾನೂನು. ಹುಳಕ್ಕೆ ಊದುಬತ್ತಿ ಆಗದು, ಬೀಡಿ ಆಗದು, ಒಗ್ಗರಣೆಯ ಘಾಟು ಆಗದು. ಹುಳ ಇರುವಷ್ಟು ದಿನ ಮನೆಯಲ್ಲಿ ಸಾರಿಗೆ ಬೆಳ್ಳುಳ್ಳಿ ಕೂಡ ಬೀಳುತ್ತಿರಲಿಲ್ಲ. ನನಗಿಂತ ನಿನ್ನ ಹುಳಗಳ ಗತ್ತೇ ಜಾಸ್ತಿಯಾಯಿತು ಎಂದು ನಾನು ಛೇಡಿಸಿದರೆ, "ನೀನೂ ಒಂದು ಗೂಡು ಕಟ್ಟಿದ್ರೆ ನಿಂಗೂ ಇಷ್ಟೇ ಮರ್ಯಾದೆ ಕೊಡ್ತಿದ್ದೆ ಕಣೇ" ಎನ್ನುತ್ತಿದ್ದಳು. ನಾನು ಮದುವೆಯಾಗದೆ ಉಳಿದದ್ದನ್ನು ನಗುನಗುತ್ತಾ ಹೇಳಬಲ್ಲವಳು ಅವಳೊಬ್ಬಳೇ. ಬೇರೆ ಯಾರಾದರೂ ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಈ ಕಾನೂನಿನಿಂದಲೇ ಹುಟ್ಟಿದ ಒಂದು ನಂಬಿಕೆ ಆ ಕಡೆ ಎಲ್ಲರಲ್ಲೂ ಇತ್ತು. ಇಷ್ಟು ನಾಜೂಕಿನ ಜೀವ, ಗಾಳಿ ಚೂರು ಕೆಟ್ಟರೂ ಸೊಪ್ಪು ಬಿಟ್ಟು ತಲೆಯೆತ್ತಿ ನಿಂತುಬಿಡುತ್ತದೆ. ಹಾಗಾಗಿ ಹುಳ ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದರೆ ಆ ಕೋಣೆಯ ಗಾಳಿ ಚೆನ್ನಾಗಿದೆ, ಹುಳಕ್ಕೇ ಆಗಿಬರುವ ಗಾಳಿ ಮನುಷ್ಯರಿಗೆ ಏಕೆ ಆಗಿಬರುವುದಿಲ್ಲ? ಇದನ್ನು ಯಾರೂ ಕೂತು ಹೇಳಿಕೊಟ್ಟಿದ್ದಲ್ಲ. ಬೆಳೆಯುತ್ತಾ ತಾನಾಗಿ ತಲೆಯೊಳಗೆ ಕೂತದ್ದು. ನಾನೂ ನಂಬಿದ್ದೆ.

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮಕ್ಕಳಿರಲಿಲ್ಲ. ಹುತ್ತೂರಿನ ಹತ್ತಿರದ ಆ ಮನೆಯಲ್ಲಿ, ಗಂಡನ ಪಾಲಿಗೆ ಬಂದಿದ್ದ ಹಿಪ್ಪುನೇರಳೆ ತೋಟ ನೋಡಿಕೊಂಡು ಒಬ್ಬಳೇ ಇದ್ದಳು. ನಾನು ಮಾಲೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ವಾರವಿಡೀ ಬಾಡಿಗೆ ಕೋಣೆಯಲ್ಲಿ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು ತಿಂದು, ಶನಿವಾರ ಬೆಳಗಿನ ಶಾಲೆ ಮುಗಿಸಿ, ಕೋಲಾರಕ್ಕೆ ಬಂದು ಹುತ್ತೂರಿನ ಬಸ್ಸು ಹತ್ತಿದರೆ ಮನೆ ಎನ್ನುವುದು ಸಿಗುತ್ತಿತ್ತು. ನನಗೆ ಇದ್ದ ಸಂಸಾರವೆಂದರೆ ಆ ಒಂದೂವರೆ ದಿನ.

ಚಳಿಗಾಲದಲ್ಲಿ ಹುಳಕ್ಕೆ ಕಾವು ಬೇಕು. ಕಬ್ಬಿಣದ ಬಾಣಲೆಗೆ ಇದ್ದಿಲು ತುಂಬಿ, ಅಂಗಳದಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾದ ಮೇಲೆ ಒಳಗಿಡುವುದು ರೂಢಿ. ಹೊಗೆ ಹುಳಕ್ಕೆ ಆಗದಲ್ಲ. ಮೊದಲು ಅಕ್ಕ ಹೆಂಚಿನ ಮನೆಯ ನಡುಮನೆಯಲ್ಲಿ ಹುಳ ಸಾಕುತ್ತಿದ್ದಳು. ಅಲ್ಲಿ ಎಲ್ಲಿ ನೋಡಿದರೂ ಸಂದು, ಎಷ್ಟು ಇದ್ದಿಲು ಸುಟ್ಟರೂ ಕಾವು ನಿಲ್ಲುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ಅವಳು ಹಟ ಹಿಡಿದು ಹಿತ್ತಲಿಗೆ ತಾಗಿ ಸಿಮೆಂಟಿನ ಮೋಲ್ಡ್ ಹಾಕಿದ ಕೋಣೆ ಕಟ್ಟಿಸಿದಳು. ಕಿಟಕಿಗೆ ನೊಣ ಬಾರದಂತೆ ಜಾಲರಿ, ಚಳಿಗೆಂದು ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ. "ಈಗ ನೋಡೇ, ಸೊಳ್ಳೆ ಉಸಿರು ಬಿಟ್ರೂ ಆಚೆ ಹೋಗಲ್ಲ" ಎಂದು ಗೋಡೆ ಸವರುತ್ತಾ ತೋರಿಸಿದ್ದಳು. ಅಷ್ಟು ಹೆಮ್ಮೆಯಿಂದ ಅವಳು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅಕ್ಕ ಏಳಲಿಲ್ಲ. ಹುಳಗಳು ಕೊನೆಯ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಉಣ್ಣದೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಹುಳಕ್ಕೆ ತಡೆಯಲಾರದ ಹಸಿವು. ಬೇಗ ಎದ್ದು ಸೊಪ್ಪು ಕೊಡಬೇಕೆಂದು ಅಕ್ಕ ಹುಳ ಬಿಟ್ಟ ಬಿದಿರು ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಳು. ನಾನು ಹೆಂಚಿನ ಮನೆಯಲ್ಲಿ ಮಲಗಿದ್ದೆ. ಬಿಸಿಲು ಅಂಗಳಕ್ಕೆ ಬಂದರೂ ಬಾಗಿಲು ತೆರೆಯದ್ದು ನೋಡಿ ತಳ್ಳಿಕೊಂಡು ಒಳಗೆ ಹೋದೆ. ಮಗ್ಗುಲಾಗಿ ಮಲಗಿದ್ದಳು. ಚಳಿಗೆ ಸದಾ ಬಿಳಿಚಿಕೊಳ್ಳುತ್ತಿದ್ದ ಮುಖ ಕೆಂಪಗೆ, ಕಳೆಕಳೆಯಾಗಿತ್ತು. ಬೆಚ್ಚಗೆ ಮೈಮರೆತಿದ್ದಾಳೆ ಅಂದುಕೊಂಡು, ಯಜಮಾನಿಗೇ ಜ್ವರ ಬಂತೇನೇ ಎಂದು ರೇಗಿಸಿದೆ. ಆಮೇಲೆ ಕೈ ಮುಟ್ಟಿದೆ.

ಪಕ್ಕದ ಮನೆಯಲ್ಲೇ ಇದ್ದ ಅಕ್ಕನ ಮೈದುನ ಓಡಿ ಬಂದ. ಅತ್ತಿಗೆಯನ್ನು ನೋಡಿದ ಮೇಲೆ ಅವನು ನೋಡಿದ್ದು ತಟ್ಟೆಗಳನ್ನು. ಇದನ್ನು ನಾನು ದ್ವೇಷದಿಂದ ಹೇಳುತ್ತಿಲ್ಲ, ಆ ಕಡೆಯ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಹುಳಗಳೆಲ್ಲ ಸೊಪ್ಪು ಹುಡುಕಿಕೊಂಡು ಚುರುಕಾಗಿ ಹರಿದಾಡುತ್ತಿದ್ದವು, ಒಂದೂ ಸತ್ತಿರಲಿಲ್ಲ. "ಹುಳ ಚೆನ್ನಾಗೇ ಅವೆ, ಗಾಳಿ ಏನೂ ಕೆಟ್ಟಿಲ್ಲ" ಎಂದ. "ಎದೆನೇ ನಿಂತೋಗೈತೆ." ಅಲ್ಲಿಗೆ ಅದು ತೀರ್ಮಾನವಾಯಿತು. ಬಂದ ಹೆಂಗಸರು ಮುಖದ ಕಳೆ ನೋಡಿ ಪುಣ್ಯವಂತೆಯ ಸಾವು ಎಂದರು. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ನನಗಿಂತ ಮುಂದೆ ಹತ್ತಿ, ಮೇಲೆ ನಿಂತು ನನ್ನನ್ನು ಅಣಕಿಸುತ್ತಿದ್ದವಳ ಎದೆ ಹೇಗೆ ನಿಂತಿತು ಎಂದು ನಾನು ಯಾರನ್ನು ಕೇಳಲಿ? ಅಕ್ಕನನ್ನು ಜಗುಲಿಯಲ್ಲಿ ಮಲಗಿಸಿದ್ದಾಗ ಹುಳಗಳಿಗೆ ಸೊಪ್ಪು ಹಾಕಿದ್ದು ನಾನೇ. ಹಸಿದುಕೊಂಡಿದ್ದವು, ಹಾಕುವವರು ಯಾರೂ ಇರಲಿಲ್ಲ. ಒಟ್ಟಿಗೆ ತಿನ್ನಲು ಶುರುಮಾಡಿದಾಗ ತಾರಸಿಯ ಮೇಲೆ ಸೋನೆ ಮಳೆ ಬಿದ್ದಂತೆ ಸದ್ದು. ಆ ಸದ್ದನ್ನು ಕೇಳಿಕೊಂಡು ನಾನು ಅಳುತ್ತಾ ನಿಂತಿದ್ದೆ.

ಅಕ್ಕನಿಲ್ಲದ ಮೇಲೆ ಆ ಮನೆಗೂ ನನಗೂ ಏನು ನಂಟು? ಮನೆ, ತೋಟ, ಮೋಲ್ಡ್ ಕೋಣೆ ಮೈದುನನಿಗೆ ಸೇರಿದವು, ಅದು ನ್ಯಾಯವೇ. ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಶನಿವಾರ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಹೋಗುವ ಚಾಳಿ ಮಾತ್ರ ಹೋಗಲಿಲ್ಲ. ಹೋಗಿ, ಸ್ವಲ್ಪ ಹೊತ್ತು ನಿಂತು, ಬೇಡದಿದ್ದರೂ ನಾಲ್ಕು ಮಾವಿನಹಣ್ಣು ಕೊಂಡು ವಾಪಸಾಗುತ್ತಿದ್ದೆ. ಹಣ್ಣು ಕೊಳೆಯುತ್ತಿದ್ದವು, ಒಬ್ಬಳೇ ಎಷ್ಟು ತಿನ್ನಲಿ! ಭಾನುವಾರವಿಡೀ ಬಾಯಿ ಬಿಡದೆ ಇದ್ದು, ಸೋಮವಾರ ಮೊದಲ ತರಗತಿಯಲ್ಲಿ ಹಾಜರಿ ಕರೆಯುವಾಗ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೋಲಾರಕ್ಕೆ ಬಂದೆ. ಬಾಡಿಗೆ ಮನೆಯ ಬಚ್ಚಲಿನಲ್ಲಿ ಮನೆಯ ಯಜಮಾನರು ಆಗಷ್ಟೇ ಗ್ಯಾಸ್ ಗೀಸರ್ ಹಾಕಿಸಿದ್ದರು. ನಲ್ಲಿ ತಿರುಗಿಸಿದರೆ ಭುಸ್ಸೆಂದು ಹೊತ್ತಿಕೊಂಡು ಸುಡುನೀರು. ಮಾಗಿಯ ಚಳಿಯಲ್ಲಿ ಅದು ನನ್ನ ಒಂದೇ ಸುಖವಾಗಿತ್ತು. ಕಿಟಕಿ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿ, ನೀರು ಬಿಟ್ಟುಕೊಂಡು ಬೇಕಾದಷ್ಟು ಹೊತ್ತು ನಿಲ್ಲುತ್ತಿದ್ದೆ. ಆಚೆ ಬಂದಾಗ ತಲೆ ಸಿಡಿಯುತ್ತಿತ್ತು. ವಯಸ್ಸು ಎಂದುಕೊಂಡೆ. ಒಂದು ದಿನ ಸೋಪು ಹಚ್ಚಿಕೊಳ್ಳುತ್ತಿದ್ದವಳಿಗೆ ಮೊಣಕಾಲು ಮಡಿಸಿಕೊಂಡವು. ಹೇಗೋ ಅಗುಳಿ ತೆಗೆದು ನಡುಮನೆಯವರೆಗೆ ತೆವಳಿಕೊಂಡು ಬಂದು ಬಿದ್ದುಕೊಂಡೆ. ಮೇಲೆ ಫ್ಯಾನಿನ ರೆಕ್ಕೆಯಲ್ಲಿ ದೂಳು ಕೂತಿತ್ತು. ಅದನ್ನೇ ನೋಡುತ್ತಾ, ನಾನು ಹೀಗೇ ಇದ್ದುಬಿಟ್ಟರೆ ಮೊದಲು ಬಾಗಿಲು ತಟ್ಟುವವರು ಯಾರು ಎಂದು ಯೋಚಿಸಿದೆ. ಹಾಲಿನವನು ಬಾಗಿಲು ತಟ್ಟುವುದಿಲ್ಲ, ಪ್ಯಾಕೆಟ್ ಇಟ್ಟು ಹೋಗುತ್ತಾನೆ. ಯಾರ ಹೆಸರೂ ಹೊಳೆಯಲಿಲ್ಲ. ಸುಮಾರು ಹೊತ್ತಿನ ಮೇಲೆ ನಾನೇ ಎದ್ದು, ಸೋಪು ಒರೆಸಿಕೊಂಡು ಕಾಫಿ ಮಾಡಿಕೊಂಡೆ.

ಸಂಜೆ ಡಾಕ್ಟರ ಹತ್ತಿರ ಹೋದೆ. ನಾಡಿ, ರಕ್ತದೊತ್ತಡ ಎಲ್ಲ ನೋಡಿ, "ಮನೇಲಿ ಬೇರೆಯವ್ರಿಗೂ ಹೀಗೆ ತಲೆನೋವು ಬರ್ತಿದೆಯಾ?" ಎಂದು ಕೇಳಿದರು. ಬೇರೆಯವರು ಯಾರೂ ಇಲ್ಲ ಎಂದೆ. ಅವರು ಸ್ನಾನದ ನೀರು ಹೇಗೆ ಕಾಯಿಸುತ್ತೀರಿ ಎಂದರು. ಆಮೇಲೆ ಬಿಡಿಸಿ ಹೇಳಿದರು. ಮುಚ್ಚಿದ ಕೋಣೆಯಲ್ಲಿ ಗ್ಯಾಸೋ ಇದ್ದಿಲೋ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಹೊಗೆಯೂ ಇಲ್ಲ. ರಕ್ತದಲ್ಲಿ ಉಸಿರಿನ ಜಾಗಕ್ಕೆ ಅದೇ ಹೋಗಿ ಕೂತುಬಿಡುತ್ತದೆ. ಬಕೆಟ್ ತುಂಬಿಸಿಕೊಂಡು ಗೀಸರ್ ಆರಿಸಿ, ಕಿಟಕಿ ಬಾಗಿಲು ತೆರೆದಿಟ್ಟುಕೊಳ್ಳಿ, ಗೀಸರನ್ನು ಬಚ್ಚಲಿನಿಂದ ಆಚೆ ಹಾಕಿಸಿ ಎಂದರು.

ನಾನು ಇದ್ದಿಲು ಎಂಬಲ್ಲೇ ನಿಂತುಬಿಟ್ಟಿದ್ದೆ. ಹಾಗೆ ಸತ್ತವರ ಮುಖ ಕೆಂಪಗಾಗುತ್ತದೆಯೇ ಎಂದು ಕೇಳಿದೆ. ಕೆಲವರಲ್ಲಿ ಆಗುತ್ತದೆ ಎಂದರು. ಆ ಅನಿಲದಿಂದ ಹುಳ ಸಾಯುತ್ತವೆಯೇ? ಅವರಿಗೆ ನಗು ಬಂತು. ಯಾವ ಹುಳ ಎಂದರು. ರೇಷ್ಮೆ ಹುಳ ಎಂದೆ. ಹುಳಗಳ ಮೈಯಲ್ಲಿ ನಮ್ಮಂಥ ಕೆಂಪು ರಕ್ತವಿಲ್ಲ, ಅದು ಹೋಗಿ ಹಿಡಿದುಕೊಳ್ಳುವುದು ಆ ಕೆಂಪನ್ನೇ, ಹಾಗಾಗಿ ಮನುಷ್ಯರಿಗಾಗುವಂತೆ ಅವಕ್ಕೆ ಆಗಲಾರದು ಎಂದರು. ಚೀಟಿ ತೆಗೆದುಕೊಂಡು ಎದ್ದೆ. ಆಟೋ ಹಿಡಿಯಲಿಲ್ಲ. ಮನೆಯವರೆಗೂ ನಡೆದುಕೊಂಡು ಬಂದೆ, ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಇದ್ದವಳು ಅಕ್ಕನೊಬ್ಬಳೇ.

ಅಂದಿನಿಂದ ನಾನು ಬಚ್ಚಲ ಬಾಗಿಲು ಮುಚ್ಚಿಲ್ಲ. ಯಾರ ಕಣ್ಣಿಗೆ ಬೀಳುತ್ತೇನೆಂದು ಮುಚ್ಚಲಿ?

ಮುಂದಿನ ಚಳಿಗಾಲದಲ್ಲಿ ಅಕ್ಕನ ಮೈದುನ ಕೋಲಾರದ ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರ ಸಿಕ್ಕಿದ. ಈಗ ಅವನ ಮಗನಿಗೆ ಮದುವೆಯಾಗಿ ಮಗುವೂ ಆಗಿತ್ತು. ಹುಳದ ಕೆಲಸವೆಲ್ಲ ಸೊಸೆಯದಂತೆ, ಚುರುಕಾದ ಹುಡುಗಿಯಂತೆ. ಆದರೆ ಬೆಳಿಗ್ಗೆ ಎದ್ದರೆ ತಲೆನೋವು, ವಾಕರಿಕೆ; ತೋಟಕ್ಕೆ ಹೋಗಿ ಸೊಪ್ಪು ಕೀಳುವಷ್ಟರಲ್ಲಿ ಸರಿಹೋಗುತ್ತದಂತೆ. ಬಾಣಂತಿ ಶೀತ ಅಂದುಕೊಂಡು ಕಷಾಯ ಕೊಟ್ಟರಂತೆ, ದೃಷ್ಟಿಯನ್ನೂ ತೆಗೆಸಿದರಂತೆ. ಎಲ್ಲಿ ಮಲಗುತ್ತಾಳೆ ಎಂದು ಕೇಳಿದೆ. ಹುಳದ ಕೋಣೆಯಲ್ಲೇ, ಬೆಚ್ಚಗಿರುತ್ತದೆಂದು ಮಗುವಿನ ತೊಟ್ಟಿಲೂ ಅಲ್ಲೇ ಎಂದ.

ಬೀದಿಯಲ್ಲೇ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡು, "ಹೊಗೆ ಇಲ್ಲ, ವಾಸ್ನೆ ಇಲ್ಲ, ಹುಳ ಗಟ್ಟಿಯಾಗವೆ. ಇಲ್ಲದ್ದನ್ನ ಹೆಂಗೆ ನಂಬೋದು ಟೀಚರಮ್ಮ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಪ್ರಶ್ನೆಯಲ್ಲಿ ತಪ್ಪೇನಿತ್ತು? ಡಾಕ್ಟರು ಹೇಳದಿದ್ದರೆ ನಾನು ನಂಬುತ್ತಿದ್ದೆನೆ? ಇಲ್ಲದಂತೆ ಇರುವುದನ್ನು ಇದೆ ಎಂದು ಕೂಗಿ ಹೇಳುವ ಏನಾದರೂ ಬೇಕಾಗಿತ್ತು.

ಅಂಥ ಅಲಾರಂ ಒಂದಿದೆ ಎಂದು ಡಾಕ್ಟರೇ ಹೇಳಿದರು. ಎಲ್ಲಿ ಸಿಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಕೋಲಾರದಲ್ಲಿ ಒಲೆ ರಿಪೇರಿಯ ಅಂಗಡಿಯವನು ಒಂದು ಡಬ್ಬಿ ಕೊಟ್ಟ. ಮನೆಗೆ ತಂದು ಓದಿದರೆ ಅದು ಅಡಿಗೆ ಗ್ಯಾಸ್ ಸೋರಿದರೆ ಮಾತ್ರ ಕೂಗುವಂಥದು, ನೆಲದ ಹತ್ತಿರ ಹಾಕಬೇಕಾದ್ದು. ವಾಪಸು ಕೊಡಲು ಹೋದಾಗ ಗ್ಯಾಸ್ ಎಲ್ಲಾ ಒಂದೇ ಮೇಡಂ ಎಂದು ನನಗೇ ಪಾಠ ಹೇಳಿದ. ಬೆಂಗಳೂರಿಗೆ ಹೋಗಿ, ಬೆಂಕಿ ಆರಿಸುವ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದೆ. ಅಲ್ಲಿದ್ದದ್ದು ಹೊಗೆಯ ಅಲಾರಂ. ಹೊಗೆಯೇ ಇಲ್ಲದಿದ್ದರೆ ಎಂದೆ. ಹೊಗೆ ಇಲ್ಲದಿದ್ದರೆ ಭಯ ಯಾಕಮ್ಮ ಎಂದ. ಕೊನೆಗೆ ಕಾರ್ಖಾನೆಗಳ ಬಾಯ್ಲರಿಗೆ ಸಾಮಾನು ಒದಗಿಸುವ ಒಬ್ಬ ವ್ಯಾಪಾರಿ ನಾನು ಕೇಳಿದ ಹೆಸರನ್ನು ಮೊದಲ ಸಲಕ್ಕೇ ಗುರುತಿಸಿದ. ತರಿಸಿಕೊಡುತ್ತೇನೆ, ಎಷ್ಟು ಬೇಕು ಎಂದ. ಒಂದು ಎಂದೆ. ಯಾವ ಫ್ಯಾಕ್ಟರಿ ಎಂದು ಕೇಳಿದ. ಹುಳದ ಮನೆಗೆ ಎಂದರೆ ನಗುತ್ತಾನೆಂದು ಮುಂಗಡದ ದುಡ್ಡು ಎಣಿಸಿ ಕೊಟ್ಟೆ.

ಅಂತೂ ಬಂತು. ಅಂಗೈಯಗಲದ ಬಿಳಿ ಡಬ್ಬಿ, ಮುಂದೆ ಒಂದು ಗುಂಡಿ. ಅದರ ಜೊತೆಗಿದ್ದ ಪುಸ್ತಿಕೆಯನ್ನು ನಾನು ಪರೀಕ್ಷೆಗೆ ಓದಿದಂತೆ ಓದಿದೆ. ಮಲಗುವವರ ಮುಖದ ಮಟ್ಟಕ್ಕೆ ಹಾಕಬೇಕು. ಬಚ್ಚಲ ಹಬೆಗೆ, ಕಿಟಕಿಯ ಗಾಳಿಗೆ ಸಿಕ್ಕಿಸಬಾರದು. ವಾರಕ್ಕೊಂದು ಸಲ ಗುಂಡಿ ಒತ್ತಿ ಕೂಗಿಸಿ ನೋಡಬೇಕು. ಬ್ಯಾಟರಿ ಬದಲಾಯಿಸಿದರೂ ಒಳಗಿನ ಸೆನ್ಸರಿಗೆ ಇಷ್ಟೇ ವರ್ಷ ಆಯುಸ್ಸು, ಆಮೇಲೆ ಇಡೀ ಡಬ್ಬಿಯನ್ನೇ ಬದಲಾಯಿಸಬೇಕು. ಕೆಟ್ಟ ಗಾಳಿ ತಾಗಿದ ಕೂಡಲೇ ಕೂಗುವುದಿಲ್ಲ, ಕಡಿಮೆಯಿದ್ದರೆ ತಡೆದು, ಹೆಚ್ಚಿದ್ದರೆ ಬೇಗ ಕೂಗುತ್ತದೆ. ಕೂಗಿದರೆ ಎಲ್ಲರೂ ಹೊರಗೆ ಬರಬೇಕು, ಮನೆಮಂದಿಯೆಲ್ಲ ಬಂದರೇ ಎಂದು ಎಣಿಸಬೇಕು. ಈ ಕೊನೆಯದನ್ನು ಓದಿ ನನಗೆ ನಗು ಬಂತು. ಯಾರೋ ದೂರದೇಶದಲ್ಲಿ ಕೂತು, ಮನೆಯೆಂದಮೇಲೆ ಮಂದಿ ಇದ್ದೇ ಇರುತ್ತಾರೆ ಎಂದುಕೊಂಡು ಬರೆದದ್ದು. ಗುಂಡಿ ಒತ್ತಿ ಕೂಗಿಸಿದೆ. ಕಿವಿ ತೂತಾಗುವಂಥ ಸದ್ದು. ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಮರುದಿನ ಶನಿವಾರ. ಪೌಡರ್ ಹಾಕದೆ ಬಸ್ಸು ಹತ್ತಿದೆ.

ಸೊಸೆ ಮುಳಬಾಗಿಲಿನ ಆಚೆಯ ಊರಿನವಳು, ಮನೆಮಾತು ತೆಲುಗು. ನಾನು ಯಾರೆಂದು ತಿಳಿದ ಕೂಡಲೇ "ಪಿನ್ನಮ್ಮ" ಎಂದಳು; ಅವರ ಮಾತಿನಲ್ಲಿ ಚಿಕ್ಕಮ್ಮ. ನನ್ನನ್ನು ಟೀಚರಮ್ಮ ಅಲ್ಲದೆ ಬೇರೆ ಏನಾದರೂ ಕರೆದು ಎಷ್ಟು ವರ್ಷವಾಗಿತ್ತೋ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು, ಆದರೂ ಕೆಲಸ ನಿಂತಿರಲಿಲ್ಲ. ಕೋಣೆಯೊಳಗೆ ಏನೂ ಬದಲಾಗಿರಲಿಲ್ಲ. ಕಿಟಕಿಗೆ ಅದೇ ಪ್ಲಾಸ್ಟಿಕ್, ಬಾಗಿಲ ಕೆಳಗೆ ಗೋಣಿಚೀಲ. ಅಕ್ಕ ಮಲಗುತ್ತಿದ್ದ ಮೂಲೆಯಲ್ಲಿ ಇವಳ ಚಾಪೆ, ಮೇಲೆ ತೊಟ್ಟಿಲು. ಚಾಪೆಯ ಪಕ್ಕ ಮೊಳೆಗೆ ಡಬ್ಬಿ ನೇತುಹಾಕಿದೆ. ರಾತ್ರಿ ಹೇಗೆ ಇಡುತ್ತೀರೋ ಹಾಗೇ ಕೆಂಡ ತಂದಿಡಿ, ಬಾಗಿಲು ಹಾಕಿ, ಎಲ್ಲರೂ ಆಚೆ ಕೂರೋಣ ಎಂದೆ. ಮಗುವಿಗೆ ಆಚೆ ಚಳಿಯಾಗುತ್ತದೆ ಎಂದರು. ನಾನು ಕೇಳಲಿಲ್ಲ, ತೊಟ್ಟಿಲಿನಿಂದ ಎತ್ತಿಕೊಂಡೇ ಬಂದೆ. ಜಗುಲಿಯಲ್ಲಿ ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು. ಅಷ್ಟು ಬಿಸಿಯಾದದ್ದು ನನ್ನ ಮೈಗೆ ತಾಗಿ ಬಹಳ ಕಾಲವಾಗಿತ್ತು, ಕಾಲು ಜೋಮು ಹಿಡಿದರೂ ಅಲುಗಾಡಿಸಲಿಲ್ಲ.

ಕಾಫಿ ಕುಡಿದೆವು. ಡಬ್ಬಿ ಸುಮ್ಮನಿತ್ತು. ಮೈದುನನ ಮುಖದಲ್ಲಿ ಗೆದ್ದವನ ನಗೆ. ಹೊತ್ತು ಇಳಿಯುತ್ತಿತ್ತು. ಅವನ ಮಗ ಹಸುವಿಗೆ ಹುಲ್ಲು ಹಾಕಿ ಬಂದ. ನಾನೇ ತಪ್ಪಿರಬಹುದೇ, ಅಕ್ಕನ ಎದೆಯೇ ನಿಂತಿತ್ತೇ ಎನ್ನಿಸತೊಡಗಿತು. ಯಾವುದು ನಿಜವಾಗಲಿ ಎಂದು ಬಯಸುತ್ತಿದ್ದೇನೆ ಎಂಬುದೂ ನನಗೆ ತಿಳಿಯಲಿಲ್ಲ. ಆ ಯೋಚನೆಯಲ್ಲಿದ್ದಾಗ ಸೊಸೆ ಸೊಪ್ಪಿನ ಕುಕ್ಕೆ ಎತ್ತಿಕೊಂಡು, ಹುಳಕ್ಕೆ ಹೊತ್ತಾಯಿತೆಂದು, ನಾನು ಬೇಡ ಎನ್ನುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಕಾವು ಹೋಗದಿರಲಿ ಎಂದು ಗೋಣಿಚೀಲವನ್ನೂ ಒತ್ತಿದಳು.

ಮಗುವನ್ನು ಎತ್ತಿಕೊಂಡೇ ಹೋಗಿ, ಬಾಗಿಲ ಆಚೆಯಿಂದ ಅವಳನ್ನು ಕೂಗಿ ಕರೆದೆ. "ಒಂದು ತಟ್ಟೆ ಐತೆ ಪಿನ್ನಮ್ಮ, ಮುಗಿಸಿ ಬರ್ತೀನಿ" ಎಂದಳು. ಅದೇ ಹೊತ್ತಿಗೆ ಡಬ್ಬಿ ಕೂಗತೊಡಗಿತು.

ಮಗುವನ್ನು ಅದರಪ್ಪನ ಕೈಗೆ ಹಾಕಿ ಒಳಗೆ ನುಗ್ಗಿದೆ. ಅವಳು ಕಿವಿ ಮುಚ್ಚಿಕೊಂಡು, ಆ ಸದ್ದಿಗೆ ಹುಳ ಬೆದರುತ್ತವೆಂದು ಡಬ್ಬಿಯನ್ನು ತೆಗೆಯಲು ಹೋಗುತ್ತಿದ್ದಳು. ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದೆ. ಎಳೆಯುವಾಗ ತಟ್ಟೆಗಳ ಕಡೆ ಕಣ್ಣು ಹೋಯಿತು. ಅಷ್ಟು ಸದ್ದಿನ ನಡುವೆ ಹುಳಗಳು ತಲೆ ತಗ್ಗಿಸಿಕೊಂಡು ಸೊಪ್ಪು ತಿನ್ನುತ್ತಿದ್ದವು. ಒಂದೂ ತಲೆಯೆತ್ತಿರಲಿಲ್ಲ.

ಅಂಗಳದಲ್ಲಿ ಎಲ್ಲರೂ ನಿಂತೆವು. ಮೈದುನ ತೆರೆದ ಬಾಗಿಲಿನಿಂದ ಒಳಗೆ, ತಟ್ಟೆಗಳನ್ನೇ ನೋಡುತ್ತಿದ್ದ. ಅಂದು ಬೆಳಿಗ್ಗೆ ತಾನು ಏನು ನೋಡಿ ಏನು ಹೇಳಿದ್ದನೆಂದು ಅವನಿಗೆ ನೆನಪಾಗಿರಬೇಕು. "ಅತ್ತಿಗೆ…" ಎಂದು ಶುರುಮಾಡಿ ನಿಲ್ಲಿಸಿದ. ಆಮೇಲೆ ಮಗನ ಕಡೆ ತಿರುಗಿ, ನಾಳೆಯೇ ಗಾರೆಯವನನ್ನು ಕರೆತಂದು ಗೋಡೆಯಲ್ಲಿ ಮೇಲೊಂದು ಕೆಳಗೊಂದು ಕಿಂಡಿ ಒಡೆಸಬೇಕು, ಇನ್ನು ಮೇಲೆ ಒಳಗೆ ಯಾರೂ ಮಲಗುವುದು ಬೇಡ ಎಂದ. ಡಬ್ಬಿ ಇಲ್ಲೇ ಇರಲಿ, ಕೋಣೆಗೆ ಔಷಧಿ ಹೊಡೆಯುವಾಗ ಮಾತ್ರ ಆಚೆ ತೆಗೆದಿಡಿ, ವಾರಕ್ಕೊಮ್ಮೆ ಗುಂಡಿ ಒತ್ತಿ ಎಂದು ನಾನು ಹೇಳಿದೆ. ಸೊಸೆ ಮಗುವನ್ನು ಎದೆಗೆ ಅವುಚಿಕೊಂಡು ತಲೆಯಾಡಿಸಿದಳು.

ಪುಸ್ತಿಕೆಯಲ್ಲಿದ್ದದ್ದು ಆಗ ನೆನಪಾಯಿತು. ಎಣಿಸಿದೆ. ಮೈದುನ, ಅವನ ಮಗ, ಸೊಸೆ, ಮಗು, ನಾನು. ಒಬ್ಬರು ಕಡಿಮೆ ಅನ್ನಿಸಿತು. ಮತ್ತೆ ಎಣಿಸಿದೆ. ಒಳಗೆ ಅಲಾರಂ ಇನ್ನೂ ಕೂಗುತ್ತಲೇ ಇತ್ತು, ನಾನು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದೆ.

"ಯಾರ್ನ ನೋಡ್ತಿದ್ದೀರಿ ಪಿನ್ನಮ್ಮ?" ಎಂದು ಸೊಸೆ ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ಎಲ್ರೂ ಬಂದಾಯ್ತಲ್ಲ."